ಅಮಾನತು ಮಾಡಿದರೆ ಮುಗಿಯಿತೇ? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರ.

ನಮ್ಮ ರಾಜ್ಯದ ಯಾವುದೇ ಠಾಣೆಯಲ್ಲಿ ಅನಾಹುತ ಆದರೂ ಸರ್ಕಾರದಿಂದ ಬರುವ ಮೊದಲ ಸುದ್ದಿ ಒಂದೇ: ಇಷ್ಟು ಜನ ಅಮಾನತು. ಟಿವಿಯಲ್ಲಿ ಆ ಸಾಲು ಓಡುತ್ತದೆ. ಧರಣಿ ಕೂತವರು ಎದ್ದು ಹೋಗುತ್ತಾರೆ. ಎರಡು ವಾರ ಕಳೆದರೆ ಎಲ್ಲರೂ ಮರೆತಿರುತ್ತಾರೆ. ಆಮೇಲೆ ಏನಾಯಿತು ಅಂತ ಕೇಳುವವರು ಕಡಿಮೆ. ನಾನು ಅದನ್ನೇ ಕೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ವಕೀಲೆ. ಕ್ರಿಮಿನಲ್ ಕೇಸುಗಳೇ ಜಾಸ್ತಿ. ನಮ್ಮ ತಂದೆ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಹಾಗಾಗಿ ಠಾಣೆಯಲ್ಲಿ ಏಟು ತಿಂದು ಬಂದವರನ್ನೂ ಹತ್ತಿರದಿಂದ ನೋಡಿದ್ದೇನೆ, ಪೊಲೀಸ್ ಕ್ವಾರ್ಟರ್ಸಿನ ಬದುಕನ್ನೂ ಬದುಕಿದ್ದೇನೆ. ಇಬ್ಬರ ಸಂಕಟಕ್ಕೂ ಬುಡ ಒಂದೇ ಅನ್ನೋದು ನನ್ನ ನಂಬಿಕೆ. ಆ ಬುಡಕ್ಕೆ ಅಮಾನತಿನ ಆದೇಶ ಮುಟ್ಟುವುದೇ ಇಲ್ಲ.

ಮೂರು ಘಟನೆಗಳನ್ನು ನೆನಪಿಸುತ್ತೇನೆ. ಮೂರೂ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವಂಥವು.

2023ರ ನವೆಂಬರ್ 30, ಚಿಕ್ಕಮಗಳೂರು. ಹೆಲ್ಮೆಟ್ ಹಾಕಿರಲಿಲ್ಲ ಅಂತ ಶುರುವಾದ ಮಾತು ಬೆಳೆದು, ಯುವ ವಕೀಲರೊಬ್ಬರಿಗೆ ನಗರ ಠಾಣೆಯೊಳಗೆ ಹೊಡೆದ ಆರೋಪ ಬಂತು. ಪಿಎಸ್‌ಐ ಸೇರಿ ಆರು ಮಂದಿ ಅಮಾನತಾದರು, ಅವರ ಮೇಲೆ ಕೇಸೂ ಬಿತ್ತು. ನಾವು ವಕೀಲರು ಊರೂರಲ್ಲಿ ಕಲಾಪ ಬಿಟ್ಟು ಹೊರಗೆ ಬಂದೆವು. ಹೈಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಅಷ್ಟರಲ್ಲಿ ಒಬ್ಬ ಕಾನ್‌ಸ್ಟೆಬಲ್ ಬಂಧನವಾಯಿತು ಅಂತ ಪೊಲೀಸರೇ ಮನೆಯವರ ಜೊತೆ ರಸ್ತೆಗೆ ಇಳಿದರು. ಸಮವಸ್ತ್ರ ಹಾಕಿದವರು ತಮ್ಮ ಇಲಾಖೆಯ ತನಿಖೆಯನ್ನೇ ನಂಬದೆ ಬೀದಿಗೆ ಬಂದರು. ಕಪ್ಪು ಕೋಟು ಹಾಕಿದ ನಾವೂ ಆ ತನಿಖೆಯನ್ನು ನಂಬಿರಲಿಲ್ಲ.

2024ರ ಮೇ 24, ಚನ್ನಗಿರಿ. ಮಟ್ಕಾ ವಿಷಯಕ್ಕೆ ಠಾಣೆಗೆ ಕರೆತಂದಿದ್ದ ವ್ಯಕ್ತಿ ತೀರಿಕೊಂಡರು. ಮನೆಯವರು ಲಾಕಪ್ ಸಾವು ಅಂದರು, ಪೊಲೀಸರು ಅಲ್ಲ ಅಂದರು. ರಾತ್ರಿ ಜನ ಠಾಣೆಗೆ ನುಗ್ಗಿ ವಾಹನಗಳನ್ನು ಜಖಂ ಮಾಡಿದರು. 11 ಪೊಲೀಸರಿಗೆ ಗಾಯವಾಯಿತು. ಮಾರನೇ ದಿನವೇ ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತು.

2025ರ ಜೂನ್ 4, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ. ಕಾಲ್ತುಳಿತದಲ್ಲಿ 11 ಜನರ ಜೀವ ಹೋಯಿತು. ಮಾರನೇ ದಿನ ನಗರ ಪೊಲೀಸ್ ಕಮಿಷನರ್ ಸೇರಿ ಐವರು ಅಧಿಕಾರಿಗಳು ಅಮಾನತು. ಹಿಂದಿನ ರಾತ್ರಿ ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಸಂಭ್ರಮದ ಜನಜಂಗುಳಿಯನ್ನು ಬೆಳಗಿನ ಜಾವದವರೆಗೆ ಸಂಭಾಳಿಸಿದ್ದ ಅದೇ ಪೊಲೀಸರು, ಕಣ್ಣು ಮುಚ್ಚದೆ ಮತ್ತೆ ಡ್ಯೂಟಿಗೆ ಬಂದಿದ್ದರು. ಜುಲೈ 1ಕ್ಕೆ ಕೇಂದ್ರ ಆಡಳಿತ ನ್ಯಾಯಮಂಡಳಿ ಒಬ್ಬ ಅಧಿಕಾರಿಯ ಅಮಾನತನ್ನು ರದ್ದು ಮಾಡಿತು. ಪೊಲೀಸರೂ ಮನುಷ್ಯರು, ಅವರ ಹತ್ತಿರ ಮಂತ್ರದಂಡ ಇಲ್ಲ ಎಂಬ ಅರ್ಥದ ಮಾತು ಆ ಆದೇಶದಲ್ಲಿದೆ. ಅದೇ ತಿಂಗಳ ಕೊನೆಗೆ ಸರ್ಕಾರವೇ ಅಮಾನತು ವಾಪಸ್ ತೆಗೆದುಕೊಂಡಿತು.

ಮೂರು ಕಡೆ ನಡೆದದ್ದು ಬೇರೆ ಬೇರೆ. ಒಂದು ಕಡೆ ಬಲಪ್ರಯೋಗದ ಆರೋಪ, ಇನ್ನೊಂದು ಕಡೆ ಸಾವಿನ ಕಾರಣದ ಬಗ್ಗೆಯೇ ಜಗಳ, ಮತ್ತೊಂದು ಕಡೆ ಮೇಲಿನವರು ತರಾತುರಿಯಲ್ಲಿ ಮಾಡಿದ ನಿರ್ಧಾರದ ಭಾರ. ಆದರೆ ಮೂರಕ್ಕೂ ಔಷಧಿ ಒಂದೇ ಸಿಕ್ಕಿತು. ಸೇವಾ ನಿಯಮದ ಪ್ರಕಾರ ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡುವುದು, ಅಷ್ಟೇ. ತಪ್ಪು ಮಾಡಿದವರು ಕೆಲವು ತಿಂಗಳು ಜೀವನಾಂಶ ಭತ್ಯೆ ತಗೊಂಡು ಇನ್ನೊಂದು ಠಾಣೆಗೆ ಬಂದು ಕೂರುತ್ತಾರೆ. ತಪ್ಪು ಮಾಡದವರ ಮೇಲೆ ಕಳಂಕ ಹಾಗೇ ಉಳಿಯುತ್ತದೆ. ಸತ್ತವರ ಮನೆಯವರಿಗೆ ಎರಡರಿಂದಲೂ ಏನೂ ಸಿಗುವುದಿಲ್ಲ.

ಸರ್, ನಮ್ಮ ಕೋರ್ಟಿನಲ್ಲಿ ಪದೇ ಪದೇ ಕಾಣುವ ಒಂದು ದೃಶ್ಯ ಹೇಳುತ್ತೇನೆ. ರಿಮಾಂಡಿಗೆ ಒಬ್ಬ ಹುಡುಗನನ್ನು ತರುತ್ತಾರೆ. ಬೈಕ್ ಕಳ್ಳತನದ ಕೇಸು ಅಂತ ಇಟ್ಟುಕೊಳ್ಳಿ. ದಾಖಲೆಯಲ್ಲಿ ಬಂಧನ ಇವತ್ತು ಬೆಳಿಗ್ಗೆ. ಆದರೆ ಅವನ ತಾಯಿ ಮೊನ್ನೆ ರಾತ್ರಿಯಿಂದ ಠಾಣೆ ಎದುರಿನ ಟೀ ಅಂಗಡಿ ಹತ್ತಿರ ಕೂತಿರುತ್ತಾಳೆ. ಸರ್ಕಾರಿ ಆಸ್ಪತ್ರೆಯ ಚೀಟಿಯಲ್ಲಿ "ಗಾಯಗಳಿಲ್ಲ" ಅಂತ ಬರೆದಿರುತ್ತದೆ. ಅಂಗಿ ಬಿಚ್ಚಿಸಿ ನೋಡಿದ್ದಾರೆ ಅನ್ನೋದಕ್ಕೆ ಚೀಟಿಯಲ್ಲಿ ಗುರುತೇ ಇರುವುದಿಲ್ಲ. ಮ್ಯಾಜಿಸ್ಟ್ರೇಟರು ಕೇಳುತ್ತಾರೆ, "ಪೊಲೀಸರಿಂದ ಏನಾದರೂ ತೊಂದರೆ ಆಯ್ತೇನಪ್ಪಾ?" ಹುಡುಗ ತನ್ನನ್ನು ಕರೆತಂದ ಕ್ರೈಂ ಸ್ಟಾಫ್ ಕಡೆ ಒಮ್ಮೆ ನೋಡುತ್ತಾನೆ. "ಇಲ್ಲ ಸ್ವಾಮಿ." ಟೈಪಿಸ್ಟ್ ಅದನ್ನು ಬರೆದುಕೊಳ್ಳುತ್ತಾರೆ. ಹೋಗುವಾಗ ಅವನಿಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಅಂಗಾಲಿಗೆ ಬಿದ್ದ ಏಟಿಗೆ ಮೇಲೆ ಗುರುತು ಕಾಣುವುದಿಲ್ಲ, ನಡಿಗೆಯಲ್ಲಿ ಕಾಣುತ್ತದೆ.

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಅನ್ನೋದು ಸಂವಿಧಾನದ 22ನೇ ವಿಧಿ. ಬಂಧನದ ಮೆಮೊ, ಸಾಕ್ಷಿಯ ಸಹಿ, ಮನೆಯವರಿಗೆ ಸುದ್ದಿ, ಎದೆಯ ಮೇಲೆ ಹೆಸರಿನ ಪಟ್ಟಿ, 48 ಗಂಟೆಗೊಮ್ಮೆ ವೈದ್ಯರ ತಪಾಸಣೆ. ಇದನ್ನೆಲ್ಲಾ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿದ್ದು 1996ರಲ್ಲಿ. ಹಾಗಿದ್ದರೂ ಆ ತಾಯಿ ಟೀ ಅಂಗಡಿ ಹತ್ತಿರ ಕಾಯುತ್ತಲೇ ಇದ್ದಾಳೆ. "ವಿಚಾರಣೆಗೆ ಅಂತ ಕರ್ಕೊಂಡ್ ಬಂದಿದ್ದೀವಿ, ಬಿಡ್ತೀವಿ ಹೋಗಮ್ಮ" ಅನ್ನುವ ಒಂದು ಮಾತಿನಲ್ಲಿ ಎಲ್ಲ ನಿಯಮಗಳೂ ಮಾಯವಾಗುತ್ತವೆ.

ಹೊಡೆಯುವುದು ಯಾಕೆ? ಕೆಲವರು ಕ್ರೂರಿಗಳು, ನಿಜ. ಆದರೆ ನಾನು ಕಂಡ ಬಹುಪಾಲು ಹೊಡೆತದ ಹಿಂದೆ ಇರುವುದು ರಿಕವರಿ, ಅಂದರೆ ಕದ್ದ ಮಾಲು ತೆಗೆಸುವುದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಆರೋಪಿ ಹೇಳಿದ ಜಾಗದಲ್ಲಿ ಮಾಲು ಸಿಕ್ಕರೆ, ಅಷ್ಟು ಮಾತು ಮಾತ್ರ ಸಾಕ್ಷಿ ಆಗುತ್ತದೆ. ಹಳೆಯ ಎವಿಡೆನ್ಸ್ ಆ್ಯಕ್ಟಿನ 27ನೇ ಸೆಕ್ಷನ್ ಅದು. 2024ರ ಜುಲೈನಿಂದ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ 23ನೇ ಸೆಕ್ಷನ್ನಿನಲ್ಲಿ ಹಾಗೇ ಇದೆ. ಕ್ರೈಂ ಮೀಟಿಂಗಿನಲ್ಲಿ ಸಾಹೇಬರು ಕೇಳುವುದು ಎಷ್ಟು ಕೇಸು ಪತ್ತೆ, ಎಷ್ಟು ಗ್ರಾಂ ರಿಕವರಿ ಅಂತ. ಬೆರಳಚ್ಚು ತೆಗೆದಿರಾ, ಸಿಸಿಟಿವಿ ನೋಡಿದಿರಾ ಅನ್ನುವ ಪ್ರಶ್ನೆ ಆಮೇಲಿನದು. ಮೂವತ್ತು ಕೇಸಿನ ಫೈಲು ಇಟ್ಟುಕೊಂಡ ಪಿಎಸ್‌ಐಗೆ ನಾಳೆ ಜಾತ್ರೆ ಬಂದೋಬಸ್ತು, ನಾಡಿದ್ದು ಮಂತ್ರಿಗಳ ಪ್ರವಾಸ. ತನಿಖೆಗೆ ಉಳಿಯುವುದು ಒಂದು ರಾತ್ರಿ. ಆ ರಾತ್ರಿಯಲ್ಲಿ ಕೈಗೆ ಸುಲಭವಾಗಿ ಸಿಗುವುದು ಲಾಠಿ.

ಇದನ್ನು ಹೊಡೆತಕ್ಕೆ ಕ್ಷಮೆ ಕೇಳಲು ಹೇಳುತ್ತಿಲ್ಲ. ತಪ್ಪೊಪ್ಪಿಸಲು ಅಥವಾ ಮಾಲು ತೆಗೆಸಲು ಹೊಡೆಯುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 120ನೇ ಸೆಕ್ಷನ್ ಅದಕ್ಕೇ ಇದೆ. ಆದರೆ ಆ ಪಿಎಸ್‌ಐ ಒಬ್ಬರನ್ನು ಅಮಾನತು ಮಾಡಿ, ಆ ಕುರ್ಚಿಗೆ ಇನ್ನೊಬ್ಬರನ್ನು ತಂದು, ಅದೇ ಮೂವತ್ತು ಫೈಲು, ಅದೇ ಕ್ರೈಂ ಮೀಟಿಂಗು, ಅದೇ ಒಂದು ರಾತ್ರಿ ಕೊಟ್ಟರೆ ಮತ್ತೇನು ಆಗಲು ಸಾಧ್ಯ?

ಉತ್ತರ ಪ್ರದೇಶ, ಅಸ್ಸಾಂಗಳ ಡಿಜಿಪಿ ಆಗಿದ್ದ ಪ್ರಕಾಶ್ ಸಿಂಗ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದು ಇದಕ್ಕೇ. ಹತ್ತು ವರ್ಷದ ನಂತರ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ತನಿಖೆಯ ಸಿಬ್ಬಂದಿಯನ್ನೂ ಬಂದೋಬಸ್ತಿನ ಸಿಬ್ಬಂದಿಯನ್ನೂ ಬೇರೆ ಮಾಡಿ ಅಂದಿತು ಕೋರ್ಟು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗ ಕೊಡಿ, ಡಿವೈಎಸ್‌ಪಿ ಮಟ್ಟದವರೆಗಿನ ವರ್ಗಾವಣೆಯನ್ನು ಹಿರಿಯ ಪೊಲೀಸ್ ಅಧಿಕಾರಿಗಳ ಮಂಡಳಿಯೇ ನಿರ್ಧರಿಸಲಿ ಅಂದಿತು. ಜಿಲ್ಲೆಗೊಂದು, ರಾಜ್ಯಕ್ಕೊಂದು ಪೊಲೀಸ್ ದೂರು ಪ್ರಾಧಿಕಾರ ಇರಲಿ ಅಂದಿತು. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದರಲ್ಲಿ ಕೆಲವನ್ನು ಒಪ್ಪಿಕೊಂಡಿತು. ಕಾಗದದಲ್ಲಿ ನಾವು ಹಿಂದೆ ಬಿದ್ದಿಲ್ಲ.

ಆದರೆ ಇವತ್ತಿಗೂ ಒಂದು ತಾಲ್ಲೂಕಿಗೆ ಇನ್‌ಸ್ಪೆಕ್ಟರ್ ಬರಬೇಕಾದರೆ ಶಾಸಕರ ಮಿನಿಟ್, ಅಂದರೆ ಶಿಫಾರಸು ಪತ್ರ, ಬೇಕು ಅನ್ನೋದು ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವವರಿಗೂ ಗೊತ್ತು. ಎಲ್ಲ ಪಕ್ಷಗಳ ಸರ್ಕಾರದಲ್ಲೂ ಇದೇ ಮಾತು ಕೇಳಿದ್ದೇವೆ. ಮಿನಿಟ್ ಹಿಡಿದು ಬಂದ ಅಧಿಕಾರಿ ಯಾರ ಫೋನ್ ಎತ್ತಬೇಕು, ಯಾರ ದೂರನ್ನು ಎಫ್‌ಐಆರ್ ಇಲ್ಲದೆ ಸುಮ್ನೆ ಎನ್‌ಸಿಆರ್ (ಗಂಭೀರವಲ್ಲದ ದೂರು) ಮಾಡಿ ಕಳಿಸಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್‌ನಲ್ಲಿ ಯಾದಗಿರಿಯ ಪಿಎಸ್‌ಐ ಒಬ್ಬರು ತೀರಿಕೊಂಡಾಗ, ಪೋಸ್ಟಿಂಗಿಗೆ ಹಣ ಕೇಳಿದ್ದರು ಅಂತ ಅವರ ಪತ್ನಿ ದೂರು ಕೊಟ್ಟರು. ಆ ಆರೋಪದ ಸತ್ಯ ತನಿಖೆ ಮತ್ತು ಕೋರ್ಟಿಗೆ ಬಿಟ್ಟಿದ್ದು. ಆದರೆ ಅದನ್ನು ಕೇಳಿ ನಮ್ಮ ಜಿಲ್ಲೆಯ ಯಾವ ಪೊಲೀಸರಿಗೂ ಆಶ್ಚರ್ಯ ಆಗಲಿಲ್ಲ. ನನಗೆ ಭಯ ಹುಟ್ಟಿಸಿದ್ದು ಅದು.

ಕೆಳಗಿನವರ ಸ್ಥಿತಿ ಇನ್ನೂ ಕಷ್ಟ. 2019ರಲ್ಲಿ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 21 ರಾಜ್ಯಗಳ ಪೊಲೀಸರನ್ನು ಮಾತಾಡಿಸಿ ಒಂದು ವರದಿ ತಂದವು. ಪೊಲೀಸರು ಸರಾಸರಿ ದಿನಕ್ಕೆ 14 ಗಂಟೆ ಕೆಲಸ ಮಾಡುತ್ತಾರೆ, ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ ಅಂತ ಅದರಲ್ಲಿತ್ತು. ಅಪರಾಧಿಗಳ ಮೇಲೆ ಹಿಂಸೆ ಮಾಡುವುದು ಸರಿ ಅಂತ ನಾಲ್ವರಲ್ಲಿ ಮೂವರು ಪೊಲೀಸರು ಹೇಳಿದ್ದೂ ಅದೇ ವರದಿಯಲ್ಲಿತ್ತು. ಈ ಎರಡನ್ನು ಬೇರೆ ಬೇರೆ ಪುಟದಲ್ಲಿ ಓದಬಾರದು.

ಗಣೇಶ ವಿಸರ್ಜನೆಯ ದಿನ ನಮ್ಮ ಊರಿನ ಸರ್ಕಲ್ಲಿಗೆ ಬೆಳಿಗ್ಗೆ ಆರಕ್ಕೆ ಬಂದು ನಿಂತ ಮಹಿಳಾ ಕಾನ್‌ಸ್ಟೆಬಲ್‌ಗಳು ಮಧ್ಯರಾತ್ರಿಯವರೆಗೆ ಅಲ್ಲೇ ಇರುತ್ತಾರೆ. ಮಧ್ಯಾಹ್ನ ಜೀಪಿನಲ್ಲಿ ಪಲಾವ್ ಪೊಟ್ಟಣ ಬರುತ್ತದೆ. ಅಷ್ಟು ಹೊತ್ತಿಗೆ ಅದು ತಣ್ಣಗಾಗಿರುತ್ತದೆ. ನೀರು ಕೊಟ್ಟರೆ ಒಬ್ಬಳು ಬೇಡ ಅಂದಳು. "ಕುಡಿದ್ರೆ ಎಲ್ಲಿಗೆ ಹೋಗ್ಲಿ ಅಕ್ಕಾ?" ಅಂದಳು. ಹತ್ತಿರದಲ್ಲಿ ಒಂದು ಶೌಚಾಲಯ ಇರಲಿಲ್ಲ. ಬ್ಯಾರಿಕೇಡ್ ಆಚೆ ಕುಡಿದ ಹುಡುಗರು ಅವಳ ಹೆಸರಿನ ಪಟ್ಟಿ ಓದಿ ಕೂಗುತ್ತಿದ್ದರು. ಅವಳು ಹದಿನೆಂಟು ಗಂಟೆ ಅದನ್ನೆಲ್ಲಾ ನುಂಗಿಕೊಂಡು ನಿಂತಳು. ಅಂಥ ದಿನದ ಕೊನೆಯಲ್ಲಿ ಠಾಣೆಗೆ ದೂರು ಕೊಡಲು ಬಂದ ಬಡವನ ಮೇಲೆ ಯಾರಾದರೂ ರೇಗಿದರೆ ಅದು ತಪ್ಪೇ. ಆ ತಪ್ಪಿನಲ್ಲಿ ಡ್ಯೂಟಿ ಪಟ್ಟಿ ಬರೆದವರ ಪಾಲೂ ಇದೆ ಅಲ್ವಾ?

ಇದನ್ನು ಅವರು ಹೇಳಿಕೊಳ್ಳುವ ಹಾಗೂ ಇಲ್ಲ. ಪೊಲೀಸರಿಗೆ ಸಂಘ ಕಟ್ಟುವ ಸ್ವಾತಂತ್ರ್ಯ ಇಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಹೊರಟಾಗ ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ಎದುರಾಯಿತು, ಮುಂದೆ ನಿಂತವರ ಮೇಲೆ ರಾಜದ್ರೋಹದ ಕೇಸು ಬಿತ್ತು. ಆ ಗದ್ದಲದಿಂದ ಔರಾದ್ಕರ್ ಸಮಿತಿಯ ವೇತನ ಶಿಫಾರಸು ಚರ್ಚೆಗೆ ಬಂತು, 2019ರಲ್ಲಿ ಭಾಗಶಃ ಜಾರಿಯೂ ಆಯಿತು. ಸಂಬಳ ಸ್ವಲ್ಪ ಸುಧಾರಿಸಿತು. ಗಂಟೆಗಳು ಸುಧಾರಿಸಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ಕಾನ್‌ಸ್ಟೆಬಲ್‌ಗಳಿಗೂ ಪೀಕ್ ಕ್ಯಾಪ್ ಬಂತು. ಅದು ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ನಮ್ಮ ತಂದೆ ಆ ಹ್ಯಾಟಿನ ಪಟ್ಟಿಯಿಂದ ಗಲ್ಲದ ಕೆಳಗೆ ಆದ ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಅಂಥದ್ದೇ ಕಾಳಜಿ ಡ್ಯೂಟಿಯ ಗಂಟೆಗಳ ಬಗ್ಗೆಯೂ ಬರಲಿ.

ಗೌರವದ ವಿಷಯವನ್ನೂ ಹೇಳದೆ ಇರಲಾರೆ. 2025ರ ಏಪ್ರಿಲ್ 28ರಂದು ಬೆಳಗಾವಿಯ ವೇದಿಕೆಯಲ್ಲಿ ಮುಖ್ಯಮಂತ್ರಿಗಳು ಒಬ್ಬ ಎಎಸ್‌ಪಿ ಮೇಲೆ ಕೈ ಎತ್ತಿದ್ದನ್ನು ಇಡೀ ರಾಜ್ಯ ನೋಡಿತು. ಆ ಅಧಿಕಾರಿ ಆಮೇಲೆ ಸ್ವಯಂ ನಿವೃತ್ತಿ ಕೇಳಿ ಪತ್ರ ಬರೆದರು. ಎಲ್ಲರ ಮುಂದೆ ಮೇಲಿನವರು ಕೈ ಎತ್ತಬಹುದು ಅಂತಾದರೆ, ಲಾಕಪ್ಪಿನ ಕತ್ತಲಲ್ಲಿ ಕೈ ಎತ್ತಬೇಡ ಅಂತ ಕೆಳಗಿನವರಿಗೆ ಯಾರು ಹೇಳುವುದು?

ಇನ್ನು ನಾವು, ಜನ. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆಯಾಯಿತು. ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ತಪ್ಪಿಸಿಕೊಳ್ಳಲು ಹಲ್ಲೆ ಮಾಡಿದ ಅಂತ ಪೊಲೀಸರು ಹೇಳಿದರು. ಜನ ಜೈಕಾರ ಹಾಕಿದರು. ಆ ಮಗುವನ್ನು ನೆನೆದರೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಗುಂಡಿಗೆ ಜೈಕಾರ ಹಾಕುವ ನಾವೇ, ಠಾಣೆಯಲ್ಲಿ ನಮ್ಮ ಮಗನಿಗೆ ಏಟು ಬಿದ್ದಾಗ ಕಲ್ಲು ತಗೊಂಡು ಹೋಗುತ್ತೇವೆ. ಎನ್‌ಕೌಂಟರ್ ಆದಾಗ ಸ್ವತಂತ್ರ ತನಿಖೆ ಆಗಲೇಬೇಕು ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ನಿಯಮ ಹಾಕಿದೆ. ಆ ತನಿಖೆ ಸರಿಯಾಗಿ ನಡೆದರೆ, ನ್ಯಾಯವಾಗಿ ಗುಂಡು ಹಾರಿಸಿದ ಅಧಿಕಾರಿಗೂ ಅದೇ ರಕ್ಷಣೆ.

ಈಗ ನಿಮ್ಮಿಂದ ಆಗಬೇಕಾದ್ದು ಹೇಳುತ್ತೇನೆ.

ಮೊದಲನೆಯದು ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್. ಕರ್ತವ್ಯದ ನೆಪದಲ್ಲಿ, ಅಥವಾ ಕರ್ತವ್ಯ ಮೀರಿ ಮಾಡಿದ ಕೃತ್ಯಕ್ಕೂ ಸರ್ಕಾರದ ಅನುಮತಿ ಇಲ್ಲದೆ ಕೋರ್ಟು ಕೇಸು ತಗೊಳ್ಳುವ ಹಾಗಿಲ್ಲ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಈ ರಕ್ಷಣೆ ಇಲ್ಲ ಅಂತಲೂ ಹೇಳಿತು. ಸುಳ್ಳು ಕೇಸಿನಿಂದ ಪೊಲೀಸರಿಗೆ ರಕ್ಷಣೆ ಬೇಕು, ಒಪ್ಪುತ್ತೇನೆ. ಆದರೆ ಅನುಮತಿಯ ಫೈಲು ವಿಧಾನಸೌಧದಲ್ಲಿ ವರ್ಷಗಟ್ಟಲೆ ಮಲಗಬಾರದು. ಹೊಸ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 218ನೇ ಸೆಕ್ಷನ್ 120 ದಿನದ ಗಡುವು ಹಾಕಿದೆ. ಅಷ್ಟರಲ್ಲಿ ತೀರ್ಮಾನ ಆಗದಿದ್ದರೆ ಅನುಮತಿ ಸಿಕ್ಕ ಹಾಗೇ. ನಮ್ಮ 170ಕ್ಕೂ ಅದೇ ಗಡುವು ಹಾಕಿ. ಕೊಡುವುದಾದರೆ ಕೊಡಿ, ಇಲ್ಲವಾದರೆ ಕಾರಣ ಬರೆದು ಇಲ್ಲ ಅನ್ನಿ. ಕಾಯುವವರು ಎರಡೂ ಕಡೆ ಇದ್ದಾರೆ.

ಎರಡನೆಯದು ಕ್ಯಾಮರಾ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟಿನಿಂದ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಪ್ರತಿ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆ ಎಲ್ಲ ಕಡೆ ದನಿಯೂ ದಾಖಲಾಗುವ ಕ್ಯಾಮರಾ ಇರಬೇಕು, ದೃಶ್ಯ 18 ತಿಂಗಳು, ಕಡೇಪಕ್ಷ ಒಂದು ವರ್ಷ ಉಳಿಯಬೇಕು ಅಂತ ಆದೇಶವಾಯಿತು. ಅದೇ ವರ್ಷ ಪಕ್ಕದ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ತಂದೆ ಮಗ ಇಬ್ಬರೂ ಪೊಲೀಸ್ ಹೊಡೆತದಿಂದ ಸತ್ತಿದ್ದರು. ಅಲ್ಲಿ ಕ್ಯಾಮರಾ ಇತ್ತು. ದೃಶ್ಯ ದಿನಾ ತಾನಾಗಿಯೇ ಅಳಿಸಿಹೋಗುವ ಹಾಗೆ ಸೆಟ್ ಮಾಡಲಾಗಿತ್ತು. ಕೊನೆಗೆ ಸತ್ಯ ಹೇಳಿದ್ದು ಆ ಠಾಣೆಯದೇ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್. ಮ್ಯಾಜಿಸ್ಟ್ರೇಟರ ಮುಂದೆ ಹೆದರುತ್ತಲೇ ಹೇಳಿಕೆ ಕೊಟ್ಟರು. ನಮ್ಮಲ್ಲಿ ದೃಶ್ಯ ಕೇಳಿ ಅರ್ಜಿ ಹಾಕಿದರೆ "ಕ್ಯಾಮರಾ ರಿಪೇರಿಯಲ್ಲಿತ್ತು" ಅನ್ನುವ ಉತ್ತರ ಎಷ್ಟು ಸಲ ಓದಿದ್ದೇನೋ. ಕ್ಯಾಮರಾ ಕೆಟ್ಟ ಹೊತ್ತನ್ನು ಸ್ಟೇಷನ್ ಡೈರಿಯಲ್ಲಿ ಬರೆಯುವುದು ಕಡ್ಡಾಯವಾಗಲಿ, ಎಸ್‌ಪಿಗೆ ಅದೇ ದಿನ ಮೆಸೇಜ್ ಹೋಗಲಿ. ಕ್ಯಾಮರಾ ಕೆಟ್ಟಿದ್ದಾಗ ಯಾರಿಗಾದರೂ ಗಾಯವಾದರೆ, ಹೇಗಾಯಿತು ಅಂತ ಸಾಬೀತು ಮಾಡುವ ಹೊಣೆ ಠಾಣೆಯದ್ದಾಗಲಿ. ಕಸ್ಟಡಿಯಲ್ಲಿ ಆದ ಗಾಯದ ಹೊಣೆಯ ಬಗ್ಗೆ ಇಂಥದ್ದೇ ಸಲಹೆಯನ್ನು ಕೇಂದ್ರದ ಕಾನೂನು ಆಯೋಗ 1985ರಲ್ಲೇ ಕೊಟ್ಟಿತ್ತು. ಚನ್ನಗಿರಿಯಂಥ ರಾತ್ರಿ, ಠಾಣೆಯ ದೃಶ್ಯವನ್ನು ಮನೆಯವರಿಗೆ ಆಗಲೇ ತೋರಿಸುವ ವ್ಯವಸ್ಥೆ ಇದ್ದಿದ್ದರೆ, ಅವರಿಗೆ ಒಂದು ಉತ್ತರ ಸಿಗುತ್ತಿತ್ತು. ಪೊಲೀಸರ ತಲೆಗಳೂ ಉಳಿಯುತ್ತಿದ್ದವೇನೋ.

ತನಿಖೆಗೆ ಬೇರೆ ಸಿಬ್ಬಂದಿ, ತಪ್ಪದ ವಾರದ ರಜೆ, ಎರಡು ವರ್ಷದ ಗಟ್ಟಿ ಪೋಸ್ಟಿಂಗ್. ಇವು ದುಡ್ಡು, ನೇಮಕಾತಿ ಕೇಳುವ ಕೆಲಸ, ಸಮಯ ಬೇಕು ಅಂತ ಗೊತ್ತು. ಮಿನಿಟ್ ನಿಲ್ಲಿಸಲು ಮಾತ್ರ ದುಡ್ಡು ಬೇಡ.

ಕೊನೆಯದು ದೂರು ಪ್ರಾಧಿಕಾರ. ನಮ್ಮ ತಾಲ್ಲೂಕಿನಲ್ಲಿ ನನ್ನ ಕಕ್ಷಿದಾರರನ್ನು ಕೇಳಿ, ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ ಅಂತ ಒಂದಿದೆ ಅಂದರೆ ಮುಖ ಮುಖ ನೋಡುತ್ತಾರೆ. ಡಿವೈಎಸ್‌ಪಿ ಮಟ್ಟದವರೆಗಿನ ದೂರು ಅಲ್ಲಿಗೆ, ಎಸ್‌ಪಿ ಮತ್ತು ಮೇಲಿನವರದು ರಾಜ್ಯ ಪ್ರಾಧಿಕಾರಕ್ಕೆ ಅನ್ನೋದು ತುಂಬಾ ಪೊಲೀಸರಿಗೂ ಗೊತ್ತಿಲ್ಲ. ಠಾಣೆಯಲ್ಲಿ ಕ್ಯಾಮರಾ ಇದೆ, ಹಕ್ಕು ಮುರಿದರೆ ಇಂಥಲ್ಲಿ ದೂರು ಕೊಡಬಹುದು ಅಂತ ದೊಡ್ಡ ಅಕ್ಷರದಲ್ಲಿ ಬೋರ್ಡ್ ಹಾಕಿ ಅಂತ ಸೈನಿ ತೀರ್ಪಿನಲ್ಲೇ ಇದೆ. ಆ ಬೋರ್ಡಿನಲ್ಲಿ ಪ್ರಾಧಿಕಾರದ ವಿಳಾಸ, ಫೋನ್ ನಂಬರ್ ಸೇರಿಸಿ ಕನ್ನಡದಲ್ಲಿ ಬರೆಸಿ. ಮೇಲಧಿಕಾರಿಯ ಕಿರುಕುಳಕ್ಕೆ ಸಿಕ್ಕ ಕಾನ್‌ಸ್ಟೆಬಲ್ ಕೂಡ ದೂರು ಕೊಡುವ ದಾರಿ ಇದ್ದರೆ ಅದನ್ನೂ ಅದರಲ್ಲೇ ಬರೆಸಿ. ಇಲ್ಲದಿದ್ದರೆ ಅಂಥದ್ದೊಂದು ದಾರಿ ಮಾಡಿ. ಪ್ರಾಧಿಕಾರಕ್ಕೆ ವರ್ಷಕ್ಕೆ ಎಷ್ಟು ದೂರು ಬಂತು, ಎಷ್ಟು ತೀರ್ಮಾನವಾಯಿತು, ಅದರ ಶಿಫಾರಸಿನ ಮೇಲೆ ನಿಮ್ಮ ಇಲಾಖೆ ಏನು ಮಾಡಿತು ಅಂತ ಸದನದಲ್ಲಿ ಇಡಿ.

ಬೋರ್ಡಿಗೆ ಹೊಸ ಕಾನೂನು ಬೇಡ, ಸಂಪುಟದ ಒಪ್ಪಿಗೆಯೂ ಬೇಡ. ಒಂದು ಸುತ್ತೋಲೆ ಸಾಕು. ಅದನ್ನು ಈ ತಿಂಗಳೇ ಹೊರಡಿಸಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ತಾಲ್ಲೂಕು ಕೋರ್ಟಿನ ವಕೀಲೆ,
ಹಾಸನ ಜಿಲ್ಲೆ